ಬೈರಣ್ಣನ ಬೂದಗುಂಬಳಕಾಯಿ

ಬೈರಣ್ಣನಿಗೆ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಇದು ವಯಸ್ಸಿನಿಂದ ಬಂದದ್ದಲ್ಲ, ಬಿ.ಪಿ.ಯಿಂದ ಬಂದದ್ದೂ ಅಲ್ಲ. ಹುಟ್ಟಿನಿಂದಲೇ ಮೂಗು ಸ್ವಲ್ಪ ಮೇಲಕ್ಕಿದ್ದ ಮನುಷ್ಯ. ಸೂಲಿಬೆಲೆ ಕಡೆಯ ಹಳ್ಳಿಯಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಅಣ್ಣತಮ್ಮಂದಿರನ್ನು ಮಣ್ಣು ಕೆದಕುವವರು ಎಂದು ಹೀಗಳೆದು ಪೊಲೀಸಿಗೆ ಸೇರಿದ. ಸೇರಿದ ಮೇಲೆ ಪೊಲೀಸರನ್ನು ಹೀಗಳೆದ. ಅವನ ಪ್ರಕಾರ ಇನ್‌ಸ್ಪೆಕ್ಟರುಗಳು ಸಲ್ಯೂಟ್ ಹೊಡೆಸಿಕೊಳ್ಳುವ ಗೊಂಬೆಗಳು, ಪೇದೆಗಳು ಟೀ ತರುವುದಕ್ಕೂ ಲಾಯಕ್ಕಿಲ್ಲದವರು, ದೂರು ಕೊಡಲು ಬರುವವರಲ್ಲಿ ಅರ್ಧ ಜನ ಸುಳ್ಳರು, ಉಳಿದರ್ಧ ಪೆದ್ದರು. ಹೆಂಡತಿ ರುಕ್ಮಿಣಮ್ಮನನ್ನು ಮಾತ್ರ ಅವನು ಬಾಯಿಬಿಟ್ಟು ಬಯ್ಯುತ್ತಿರಲಿಲ್ಲ, ಯಾಕೆಂದರೆ ಅವಳು ತಿರುಗಿ ಬಯ್ಯುತ್ತಿದ್ದಳು.

ಇಂಥವನ ಭುಜಕ್ಕೆ ಸರ್ವಿಸಿನ ಕೊನೆಗಾಲದಲ್ಲಿ ಒಂದು ನಕ್ಷತ್ರ ಅಂಟಿಸಿ, ಎಎಸ್‌ಐ ಮಾಡಿ, ನೆಲಮಂಗಲದಾಚೆಯ ಒಂದು ತರಬೇತಿ ಶಾಲೆಗೆ ಹಾಕಿದರು. ತರಬೇತಿ ಶಾಲೆ ಎಂದರೆ ಇಲಾಖೆಗೆ ಮನೆಯ ಅಟ್ಟ ಇದ್ದ ಹಾಗೆ. ಬಳಸಲೂ ಆಗದ, ಬಿಸಾಡಲೂ ಆಗದ ಸಾಮಾನೆಲ್ಲ ಅಲ್ಲಿಗೆ ಏರುತ್ತದೆ. ಸಾಹೇಬರ ಮಾತಿಗೆ ಎದುರಾಡಿದವರು, ಶಾಸಕರ ಬಾಮೈದನ ಗಾಡಿ ಹಿಡಿದವರು, ಕುಡಿದು ಠಾಣೆಗೆ ಬಂದವರು, ಬೆನ್ನುನೋವಿನವರು, ಇವರೆಲ್ಲ ಅಲ್ಲಿ ಕೂತು ಹೊಸಬರಿಗೆ ಪೊಲೀಸ್ ಕೆಲಸ ಕಲಿಸುತ್ತಾರೆ. ಇದರಲ್ಲಿ ಯಾರಿಗೂ ಇದುವರೆಗೆ ವಿಚಿತ್ರವೇನೂ ಕಂಡಿಲ್ಲ.

ಆ ವರ್ಷ ಶಾಲೆಯಲ್ಲಿದ್ದದ್ದು ಹೆಣ್ಣುಮಕ್ಕಳ ಬ್ಯಾಚು. ಅದೇ ವರ್ಷ ಬೆಂಗಳೂರಿನಿಂದ ಒಂದು ಹೊಸ ವಿಷಯವೂ ಬಂತು. ಮೇಲಿನವರು ಯಾರೋ ವಿದೇಶಕ್ಕೆ ಹೋಗಿ, ಅಲ್ಲಿನ ಸಭೆಯಲ್ಲಿ ಕೂತು, ಬರುವಾಗ ಚಾಕೊಲೇಟಿನ ಜೊತೆಗೆ ಇದನ್ನೂ ತಂದಿದ್ದರು. ಹೆಸರು 'ಸಂಶೋಧನಾ ಪುರಾವೆ ಆಧಾರಿತ ಪೊಲೀಸ್ ಕಾರ್ಯ'. ಅಷ್ಟು ಉದ್ದ ಹೇಳಲು ಉಸಿರು ಸಾಲದೆ ಹುಡುಗಿಯರು ಅದನ್ನು ಪುರಾವೆ ಕ್ಲಾಸು ಎನ್ನುತ್ತಿದ್ದರು. ವಿಷಯ ಇಷ್ಟೇ. ಹಿಂದಿನಿಂದ ಮಾಡಿಕೊಂಡು ಬಂದಿದ್ದೇವೆ ಎಂಬ ಕಾರಣಕ್ಕೆ ಪೊಲೀಸರು ಒಂದು ಕೆಲಸವನ್ನು ಮಾಡಬಾರದು. ಅದರಿಂದ ಕಳ್ಳತನವೋ ಅಪಘಾತವೋ ನಿಜವಾಗಿ ಕಡಿಮೆಯಾಯಿತೇ ಎಂದು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ ನೋಡಬೇಕು; ಮಾಡಿದ ಜಾಗವನ್ನು ಮಾಡದ ಜಾಗದ ಪಕ್ಕ ಇಟ್ಟು ಹೋಲಿಸಬೇಕು. ಒಳ್ಳೆಯ ಮಾತೇ. ಅದನ್ನು ಹೊಸ ಕಾನ್‌ಸ್ಟೇಬಲ್ ಹುಡುಗಿಯರಿಗೆ ಕಲಿಸಿದರೆ ಸಾಕು, ಮೇಲಿನವರಿಗೆ ಕಲಿಸುವ ಅಗತ್ಯವಿಲ್ಲ ಎಂದೂ ತೀರ್ಮಾನವಾಗಿತ್ತು.

ಕಲಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಶಾಲೆಯಲ್ಲಿ ಎಲ್ಲರಿಗೂ ಒಟ್ಟಿಗೆ ಮೈಗೆ ಹುಷಾರು ತಪ್ಪಿತು. ಕಾನೂನು ಹೇಳಿಕೊಡುತ್ತಿದ್ದವನು ಕಣ್ಣಿನ ಆಪರೇಷನ್ ಅಂದ. ಕಂಪ್ಯೂಟರ್ ಹೇಳಿಕೊಡುತ್ತಿದ್ದವನು ಕಂಪ್ಯೂಟರೇ ಕೆಟ್ಟಿದೆ ಅಂದ. ಪ್ರಾಂಶುಪಾಲ ನವೀನ್‌ಕುಮಾರ್ ಸಾಹೇಬರಿಗೆ ಆಗ ಹೊಳೆದದ್ದು ಬೈರಣ್ಣ. ಅಪಘಾತ ಕಡಿಮೆ ಮಾಡಿದ್ದಕ್ಕೆ ಪದಕ ಪಡೆದ ಮನುಷ್ಯ ಜಿಲ್ಲೆಯಲ್ಲಿ ಇವನೊಬ್ಬನೇ ಇದ್ದ. ನೀವು ಆಗಲೇ ಸಂಶೋಧನೆ ಮಾಡಿದವರಲ್ಲವೇ ಎಂದು ಅವರು ಹೇಳಿದಾಗ ಬೈರಣ್ಣ ಇಲ್ಲ ಎನ್ನಲಿಲ್ಲ. ಇಷ್ಟು ದಿನ ಇದು ಯಾರಿಗೂ ತಿಳಿಯದೆ ಇದ್ದದ್ದೇ ಅವನಿಗೆ ಆಶ್ಚರ್ಯ.

ಅವನ ಸಂಶೋಧನೆಯ ಕಥೆ ಹೀಗಿದೆ. ಅರಿಶಿನಕುಂಟೆ ದಾಟಿ ಹೆದ್ದಾರಿಯಲ್ಲಿ ಮುಂದೆ ಹೋದರೆ ಕರೇಕಲ್ ಗೇಟ್ ಸಿಗುತ್ತದೆ. ಹೆದ್ದಾರಿಯಿಂದ ಊರಿಗೆ ತಿರುಗುವ ಕಡೆಗೆ ಇಲ್ಲಿ ಗೇಟ್ ಅನ್ನುವುದು ವಾಡಿಕೆ, ಗೇಟಂತೂ ಇರುವುದಿಲ್ಲ. ಊರು ರಸ್ತೆಯ ಒಂದು ಬದಿ, ಹಾಲು ಹಾಕುವ ಡೇರಿ ಇನ್ನೊಂದು ಬದಿ. ನಡುವಿನ ಡಿವೈಡರ್ ಒಂದು ಕಡೆ ಒಡೆದಿದೆ, ಜನ ಕ್ಯಾನು ಹಿಡಿದು ಅಲ್ಲಿ ನುಸುಳಿ ದಾಟುತ್ತಾರೆ. ಬೈರಣ್ಣ ಆ ಕಡೆಯ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗ ಒಂದೇ ತಿಂಗಳಲ್ಲಿ ಮೂವರು ಅಲ್ಲಿ ಲಾರಿಗೆ ಸಿಕ್ಕಿ ಸತ್ತರು. ಊರಿನವರು ಹೆಣ ರಸ್ತೆಯಲ್ಲಿಟ್ಟು ಕೂತರು. ಇನ್‌ಸ್ಪೆಕ್ಟರ್ ಬೆವತುಹೋದ. ಆಗ ಬೈರಣ್ಣ, ಅಮಾವಾಸ್ಯೆಯ ದಿನ ಪೂಜಾರಿಯನ್ನು ಕರೆಸಿ, ದೊಡ್ಡದೊಂದು ಬೂದಗುಂಬಳಕಾಯಿ ನಿವಾಳಿಸಿ, ರಸ್ತೆಯ ನಡುಮಧ್ಯೆ ತಾನೇ ಎತ್ತಿ ಒಡೆದ. ಮುಂದಿನ ತಿಂಗಳು ಯಾರೂ ಸಾಯಲಿಲ್ಲ. ಆಮೇಲೂ ಹೆಚ್ಚು ಸಾಯಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು 'ಸಮುದಾಯದ ನಂಬಿಕೆ ಆಧಾರಿತ ವಿಶೇಷ ಕ್ರಮ' ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿ ಬಡ್ತಿ ಪಡೆದು ಹೋದ. ಉಳಿದ ಪದಕ ಬೈರಣ್ಣನಿಗೆ ಬಂತು.

ತಮಾಷೆ ಏನೆಂದರೆ, ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ರಸ್ತೆಯಲ್ಲಿ ಕುಂಬಳಕಾಯಿ ಒಡೆಯಬೇಡಿ, ದ್ವಿಚಕ್ರ ವಾಹನ ಸವಾರರು ಜಾರಿ ಬೀಳುತ್ತಾರೆ ಎಂದು ಜನಕ್ಕೆ ಬುದ್ಧಿ ಹೇಳುವುದೂ ಪೊಲೀಸರೇ. ಬೈರಣ್ಣನೇ ಆ ನೋಟೀಸನ್ನು ಅಂಗಡಿ ಅಂಗಡಿಗೆ ಅಂಟಿಸಿಕೊಂಡು ಬಂದವನು. ಅವನಿಗೆ ಎರಡೂ ಒಂದಕ್ಕೊಂದು ತಾಗಲೇ ಇಲ್ಲ. ಜನರ ಕುಂಬಳಕಾಯಿ ಜನರದ್ದು, ಸರ್ಕಾರಿ ಕುಂಬಳಕಾಯಿ ಸರ್ಕಾರದ್ದು.

ಪುರಾವೆ ಕ್ಲಾಸಿನಲ್ಲಿ ಅವನು ಬೆಂಗಳೂರಿನಿಂದ ಬಂದ ಪಿಪಿಟಿಯನ್ನು ಗೋಡೆಯ ಮೇಲೆ ಹಾಕಿ, ಓದಲು ಬಂದಷ್ಟನ್ನು ಗಟ್ಟಿಯಾಗಿ ಓದಿ, ಬಾರದ್ದನ್ನು ನೀವೇ ಓದಿಕೊಳ್ಳಿ ಎಂದು ಬಿಟ್ಟು, ನೇರ ಕರೇಕಲ್ ಗೇಟಿಗೆ ಬರುತ್ತಿದ್ದ. ಮೂವರು ಸತ್ತದ್ದು, ಇನ್‌ಸ್ಪೆಕ್ಟರ್ ನಡುಗಿದ್ದು, ತಾನು ಎತ್ತಿದ್ದು, ಒಡೆದದ್ದು. ಕೊನೆಯಲ್ಲಿ ಹುಡುಗಿಯರು ಚಪ್ಪಾಳೆ ತಟ್ಟಬೇಕು. ತಟ್ಟುತ್ತಿದ್ದರು. ತಟ್ಟುವ ಆ ಮುಖಗಳನ್ನು ನೋಡಿ ಅವನಿಗೆ ಇನ್ನಷ್ಟು ತಾತ್ಸಾರವಾಗುತ್ತಿತ್ತು. ಡಿಗ್ರಿ ಮಾಡಿಕೊಂಡು ಬಂದು ಲಾಠಿ ಹಿಡಿಯಲು ಕ್ಯೂ ನಿಂತವರು, ಮೈದಾನದಲ್ಲಿ ಅರ್ಧ ಸುತ್ತಿಗೆ ಏದುಸಿರು ಬಿಡುವವರು, ಕಳ್ಳ ಎದುರಿಗೆ ಬಂದರೆ ಮೊದಲು ಫೋಟೊ ತೆಗೆಯುವವರು ಎಂದು ಮನೆಗೆ ಹೋಗಿ ರುಕ್ಮಿಣಮ್ಮನ ಮುಂದೆ ಹೇಳುತ್ತಿದ್ದ. ಅವರಲ್ಲಿ ಒಬ್ಬಳು ಚಪ್ಪಾಳೆ ತಟ್ಟದೆ ಕೈಯೆತ್ತಿದ ದಿನ ಅವನಿಗೆ ಅರ್ಥವೇ ಆಗಲಿಲ್ಲ. ಹೊರಗೆ ಹೋಗಬೇಕೇನೋ ಅಂದುಕೊಂಡ.

ಅವಳು ಗಾನವಿ, ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗಿ. ಪವರ್‌ಲೂಮಿನ ಸದ್ದಿನಲ್ಲೇ ಓದಿ ಬಂದವಳಾದ್ದರಿಂದ ಮಾತು ಸ್ವಲ್ಪ ಜೋರು.

"ಸಾರ್, ಕುಂಬಳಕಾಯಿ ಒಡೀದೆ ಇರೋ ಗೇಟ್‌ಗಳಲ್ಲಿ ಏನಾಯ್ತು ಸಾರ್?"

ಬೈರಣ್ಣ ಕನ್ನಡಕದ ಮೇಲಿನಿಂದ ನೋಡಿದ. ಒಡೆಯದೆ ಇದ್ದ ಕಡೆ ಏನಾಗುತ್ತದೆ, ಏನೂ ಆಗುವುದಿಲ್ಲ ಎಂದ. ಅವಳು ಬಿಡಲಿಲ್ಲ. ಪಿಪಿಟಿಯಲ್ಲಿ ಮಾಡಿದ ಜಾಗವನ್ನು ಮಾಡದ ಜಾಗದ ಜೊತೆ ಹೋಲಿಸಿ ಅಂತ ಬರೆದಿದೆಯಲ್ಲ, ನಮ್ಮ ಮನೆಯಲ್ಲೂ ಸೀರೆಯಲ್ಲಿ ಎಳೆ ತಪ್ಪಿದರೆ ಪಕ್ಕದ ಮಗ್ಗದಲ್ಲೂ ತಪ್ಪಿದೆಯೇ ಅಂತ ಮೊದಲು ನೋಡುತ್ತೇವೆ, ಆಮೇಲೆ ಮಗ್ಗಕ್ಕೆ ಕೈ ಹಾಕುತ್ತೇವೆ ಎಂದಳು. ಬೈರಣ್ಣ ಅವಳನ್ನು ಮೈದಾನ ಸುತ್ತಲು ಕಳಿಸಿದ. ಪೊಲೀಸ್ ಇಲಾಖೆಯಲ್ಲಿ ಪ್ರಶ್ನೆಗೆ ಇರುವ ಉತ್ತರ ಅದೊಂದೇ. ಸುತ್ತಿ ಬಂದು ಬೆವರೊರೆಸಿಕೊಂಡು ಮತ್ತೆ ಬೆಂಚಿನಲ್ಲಿ ಕೂತ ಹುಡುಗಿಯ ಮುಖದಲ್ಲಿ ಪ್ರಶ್ನೆ ಹಾಗೇ ಇತ್ತು. ಅವನಿಗೆ ಆ ದಿನ ಊಟ ರುಚಿಸಲಿಲ್ಲ.

ಪ್ರತಿ ಗುಂಪೂ ಒಂದು ಪ್ರಾಜೆಕ್ಟ್ ಮಾಡಬೇಕೆಂದು ನಿಯಮವಿತ್ತು. ಗಾನವಿಯ ಗುಂಪು ಇದನ್ನೇ ಹಿಡಿಯಿತು. ಹೆದ್ದಾರಿಯುದ್ದದ ಗೇಟ್‌ಗಳ ಅಪಘಾತದ ವಿವರ ಕೇಳಿ ಪಡೆದರು, ಅದರಲ್ಲಿ ಗುಟ್ಟೇನೂ ಇರಲಿಲ್ಲ, ಕೇಳಿದವರು ಇರಲಿಲ್ಲ ಅಷ್ಟೆ. ಎಲ್ಲೆಲ್ಲಿ ಒಂದು ತಿಂಗಳು ತೀರಾ ಕೆಟ್ಟದಾಗಿ ಹೋಯಿತೋ ಅಲ್ಲೆಲ್ಲ ಮುಂದಿನ ತಿಂಗಳುಗಳಲ್ಲಿ ಸಾವು ತಾನಾಗಿಯೇ ಇಳಿದಿತ್ತು. ಕುಂಬಳಕಾಯಿ ಒಡೆದಲ್ಲಿಯೂ ಇಳಿದಿತ್ತು, ಒಡೆಯದ ಕಡೆಯೂ ಅಷ್ಟೇ ಇಳಿದಿತ್ತು. ಆಮೇಲೆ ಎಲ್ಲ ಕಡೆ ಹಳೆಯ ಮಟ್ಟಕ್ಕೆ, ಆಗೊಬ್ಬರು ಈಗೊಬ್ಬರು ಎಂಬ ಹಾಗೆ, ಸಾಯುತ್ತಲೇ ಇದ್ದರು. ಬೈರಣ್ಣ ಪೂಜಾರಿಯನ್ನು ಕರೆಸಿದ್ದೂ ಅಂಥದೊಂದು ಅತಿ ಕೆಟ್ಟ ತಿಂಗಳಿನಲ್ಲೇ. ಅತಿ ಕೆಟ್ಟದ್ದರ ಮುಂದೆ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯದೇ. ಇಳಿಯುವುದು ಇಳಿಯುತ್ತಿತ್ತು, ಹೆಸರು ಮಾತ್ರ ಕುಂಬಳಕಾಯಿಗೆ ಬಂತು.

ಇದನ್ನು ಗಾನವಿ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದಾಗ ಬೈರಣ್ಣ ನಕ್ಕ. ಠಾಣೆಯ ಅಂಕಿ ಎಂದರೆ ಏನೆಂದು ಈ ಮಗುವಿಗೆ ಗೊತ್ತೇ ಎಂದುಕೊಂಡ. ಅವನೇ ಎಷ್ಟೋ ವರ್ಷ ಆ ಅಂಕಿಗಳನ್ನು ಬರೆದವನು. ಸಾಹೇಬರ ಮುಖ ನೋಡಿ ಏರಿಸಿ ಇಳಿಸಿ ಬರೆದವನು. ಆದರೆ ಸತ್ತವರ ಅಂಕಿಯನ್ನು ಹಾಗೆ ಬರೆಯಲಾಗುವುದಿಲ್ಲ, ಹೆಣ ಆಸ್ಪತ್ರೆಗೆ ಹೋಗಿರುತ್ತದೆ ಎಂಬುದೂ ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ನಗು ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಪುಸ್ತಕದ ಬದನೆಕಾಯಿ ಬೇಡ, ಜಾಗಕ್ಕೇ ಹೋಗಿ ಜನರನ್ನೇ ಕೇಳೋಣ ಎಂದು ಅವನೇ ಒಂದು ಬೆಳಿಗ್ಗೆ ಬ್ಯಾಚನ್ನು ವ್ಯಾನಿನಲ್ಲಿ ಕರೇಕಲ್ ಗೇಟಿಗೆ ಕರೆದೊಯ್ದ. ಜನ ತನ್ನನ್ನು ಗುರುತಿಸುತ್ತಾರೆ, ಹುಡುಗಿಯರ ಮುಂದೆ ನಾಲ್ಕು ಮಾತು ಆಡುತ್ತಾರೆ, ಆ ನೇಕಾರರ ಹುಡುಗಿಯ ಬಾಯಿ ಮುಚ್ಚುತ್ತದೆ ಎಂಬುದು ಅವನ ಎಣಿಕೆ. ಜನ ಗುರುತಿಸಿದ್ದು ನಿಜ. ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು, ರಸ್ತೆ ದಾಟಿ ಬಂದ ದ್ಯಾವಮ್ಮ ಎಂಬ ಹೆಂಗಸು ಅವನ ಎದೆಯ ಮೇಲಿನ ಹೆಸರು ಓದಿಸಿಕೊಂಡು, ಇವನೇನಾ ಅಂತ ಅಡಿಯಿಂದ ಮುಡಿಯವರೆಗೂ ನೋಡಿದಳು.

"ನೀವೇನಾ ಸ್ವಾಮಿ ಬೈರಣ್ಣ ಅಂದ್ರೆ. ನಿಮ್ಮ ಕುಂಬ್ಳಕಾಯಿಂದ ನಮ್ಮ ಸ್ಕೈವಾಕು ಹೋಯ್ತು."

ಬೈರಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಅವಳು ಸಮಾಧಾನವಾಗಿಯೇ ಬಿಡಿಸಿ ಹೇಳಿದಳು. ರಸ್ತೆಯ ಮೇಲಿಂದ ನಡೆದು ದಾಟಲು ಒಂದು ಸ್ಕೈವಾಕ್ ಕಟ್ಟಿಕೊಡಿ ಅಂತ ಊರಿನವರು ಕೇಳುತ್ತಲೇ ಇದ್ದಾರೆ. ಹೋದಾಗಲೆಲ್ಲ ಹೆದ್ದಾರಿಯ ಆಫೀಸಿನವರು ಹೇಳುವುದು ಒಂದೇ ಮಾತು: ಆ ಗೇಟಿನಲ್ಲಿ ಪೊಲೀಸರು ವಿಶೇಷ ಕ್ರಮ ತಗೊಂಡ ಮೇಲೆ ಅಪಘಾತ ಇಳಿದಿದೆ, ಬೈರಣ್ಣ ಅನ್ನೋರಿಗೆ ಪದಕವೇ ಬಂದಿದೆ, ಇಳಿದ ಕಡೆ ಸ್ಕೈವಾಕ್ ಯಾಕೆ. ಆಮೇಲೂ ಸತ್ತವರು ಇದ್ದಾರೆ. ಒಟ್ಟಿಗೆ ಸಾಯದೆ ಒಬ್ಬೊಬ್ಬರಾಗಿ ಸತ್ತದ್ದರಿಂದ ಯಾರೂ ರಸ್ತೆಯಲ್ಲಿ ಕೂರಲಿಲ್ಲ. ಹುಡುಗಿಯರು ಸುತ್ತ ನಿಂತು ಕೇಳುತ್ತಿದ್ದರು.

ಬೈರಣ್ಣ ದನಿ ಏರಿಸಿದ. ತಾನು ಒಳ್ಳೆಯದಕ್ಕೇ ಮಾಡಿದ್ದು, ಯಾರಿಗಾದರೂ ಅದರಿಂದ ಕೆಟ್ಟದಾಯಿತೇ ಹೇಳು ಎಂದ. ಸುಮ್ಮನಿದ್ದಿದ್ದರೆ ಉಳಿಯುತ್ತಿದ್ದ. ದ್ಯಾವಮ್ಮ ತಿರುಗಿ, ಗೂಡಂಗಡಿಯಲ್ಲಿ ಕೂತಿದ್ದ ಮಗ ನರೇಶನನ್ನು ಕರೆದಳು. ಒಂದು ಕಾಲು ಎಳೆದು ಹಾಕುತ್ತಾ ಅವನು ಬಂದ. ಆ ಅಮಾವಾಸ್ಯೆಯ ಸಂಜೆ ಫ್ಯಾಕ್ಟರಿಯಿಂದ ಬರುತ್ತಿದ್ದವನ ಬೈಕು ರಸ್ತೆಯ ಮೇಲಿದ್ದ ಕುಂಬಳಕಾಯಿಯ ತಿರುಳಿಗೆ ಜಾರಿ, ಮೊಣಕಾಲು ಚೂರಾಗಿತ್ತು. ಆ ಫ್ಯಾಕ್ಟರಿಯ ಕೆಲಸ ಹೋಯಿತು. ಆಗ ಠಾಣೆಗೆ ಹೋಗಿದ್ದೆವು, ನೀನೇ ಬಿದ್ದಿದ್ದಕ್ಕೆ ಯಾರ ಮೇಲೆ ಕೇಸ್ ಹಾಕಲಿ, ಸೆಲ್ಫ್ ಆಕ್ಸಿಡೆಂಟಿಗೆ ಕೇಸಿಲ್ಲ ಅಂತ ಕಳಿಸಿದರು ಎಂದಳು ದ್ಯಾವಮ್ಮ. ಕಳಿಸಿದ್ದು ಯಾರು ಎಂದು ಅವಳು ಹೇಳಲಿಲ್ಲ. ಅವತ್ತು ಆ ಮೇಜಿನ ಹಿಂದೆ ಕೂತಿದ್ದವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಬೈರಣ್ಣ ನರೇಶನ ಕಾಲನ್ನು ನೋಡಿ, ಆಮೇಲೆ ನೋಡದೆ ಇರಲು ರಸ್ತೆಯ ಕಡೆ ತಿರುಗಿದ.

"ಈಗ ಬಯ್ಯೋಕೆ ಕರೀಲಿಲ್ಲ ಸ್ವಾಮಿ. ನೀವು ಒಂದ್ ಮಾತು ಹೇಳಿ, ಕುಂಬ್ಳಕಾಯಿಂದ ಏನೂ ಆಗಿಲ್ಲ ಅಂತ. ದೊಡ್ಡೋರ ಮುಂದೆ, ನಿಮ್ಮ ಬಾಯಲ್ಲೇ. ಅವ್ರು ನಿಮ್ಮ ಹೆಸ್ರೇ ಹಿಡ್ಕೊಂಡು ಕೂತವ್ರೆ."

ಬೈರಣ್ಣ ವ್ಯಾನ್ ಹತ್ತಿದ. ದಾರಿಯುದ್ದಕ್ಕೂ ಒಳಗೆ ಕುದಿಯುತ್ತಿದ್ದ. ಹಾಲು ಹಾಕುವ ಹೆಂಗಸೊಬ್ಬಳು ಬಂದು ಹೇಳಿದಳು ಅಂತ, ಇಡೀ ಸರ್ವಿಸಿನಲ್ಲಿ ಕೈಗೆ ಹತ್ತಿದ ಒಂದೇ ಒಂದು ಹೆಸರನ್ನು ತನ್ನ ಬಾಯಿಂದಲೇ ಅಳಿಸಿಕೊಳ್ಳಬೇಕೇ. ಕಳ್ಳನನ್ನು ಹಿಡಿದ ಹೆಸರಿಲ್ಲ, ಕೇಸು ಗೆದ್ದ ಹೆಸರಿಲ್ಲ. ಅದೂ ಹೋದರೆ ಉಳಿಯುವುದು ಪಿಂಚಣಿ ಮತ್ತು ಮಂಡಿನೋವು.

ಸಂಜೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ರುಕ್ಮಿಣಮ್ಮನ ಮುಂದೆ ಎಲ್ಲವನ್ನೂ ಹೇಳಿ, ಆ ಊರಿನವರ ಸೊಕ್ಕು ನೋಡು ಎಂದ. ಅವಳೂ ತನ್ನ ಜೊತೆ ಬಯ್ಯಲಿ ಎಂದು ಅವನ ಆಸೆ. ರುಕ್ಮಿಣಮ್ಮ, ಆ ಹುಡುಗನಿಗೆ ಮದುವೆ ಆಗಿದೆಯಾ ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಎಂದ. ಕಾಲು ಹಂಗಿದ್ರೆ ಯಾರು ಕೊಡ್ತಾರೆ ಎಂದು ಅವಳು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಅವಳು ಬೈದಿದ್ದರೆ ಬೈರಣ್ಣ ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ಇಷ್ಟರಲ್ಲಿ ನವೀನ್‌ಕುಮಾರ್ ಸಾಹೇಬರ ತಲೆಯಲ್ಲಿ ದೊಡ್ಡದೊಂದು ಹುಳು ಹೊಕ್ಕಿತು. ಹೊಸ ವಿಷಯ ಹೇಗೆ ನಡೆಯುತ್ತಿದೆ ನೋಡಲು ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು, ವಿದೇಶದಿಂದ ಅದನ್ನು ತಂದವರೇ. ಕರೇಕಲ್ ಗೇಟಿನಲ್ಲಿ ಆ ತಿಂಗಳು ಮತ್ತೆ ಇಬ್ಬರು ಸತ್ತಿದ್ದರು. ಸಾಹೇಬರು ಬರುವ ದಿನ ಅಮಾವಾಸ್ಯೆ. ಹಳೆಯ ಯಶಸ್ವಿ ಪ್ರಯೋಗವನ್ನು ಅದೇ ಜಾಗದಲ್ಲಿ, ಅದೇ ಮನುಷ್ಯನ ಕೈಯಿಂದ, ಸಾಹೇಬರ ಕಣ್ಣೆದುರಿಗೆ ಮಾಡಿ ತೋರಿಸುವುದು, 'ಬೈರಣ್ಣ ಮಾದರಿ' ಎಂದು ಹೆಸರಿಟ್ಟು ಹೆದ್ದಾರಿಯ ಎಲ್ಲ ಗೇಟ್‌ಗಳಿಗೂ ಹಬ್ಬಿಸುವುದು. ಸಂಶೋಧನೆಯೂ ಆಯಿತು, ಸಂಸ್ಕೃತಿಯೂ ಆಯಿತು, ಖರ್ಚು ಒಂದು ಕುಂಬಳಕಾಯಿ. ಬೈರಣ್ಣನ ಹೆಗಲ ಮೇಲೆ ನವೀನ್‌ಕುಮಾರ್ ಕೈಯಿಟ್ಟು, ಈ ಸಲ ರಾಷ್ಟ್ರಪತಿ ಪದಕಕ್ಕೇ ಹೆಸರು ಕಳಿಸುತ್ತೇನೆ, ನೀವು ನಿವೃತ್ತಿ ಆಗುವಷ್ಟರಲ್ಲಿ ಬರುತ್ತದೆ ಎಂದರು. ಗಾನವಿಯ ಗುಂಪಿನ ಪ್ರಾಜೆಕ್ಟನ್ನು ಕಾರ್ಯಕ್ರಮದಿಂದ ತೆಗೆದು ಹಾಕಿದರು. ಬ್ಯಾಚನ್ನು ನಿಲ್ಲಿಸಿ, ಅಂದು ಯಾರಾದರೂ ಬಾಯಿ ಬಿಟ್ಟರೆ ಪಾಸಿಂಗ್ ಔಟ್ ಪೆರೇಡ್ ಮರೆತುಬಿಡಿ, ಮನೆಗೆ ಹೋಗಿ ಮಗ್ಗ ನಡೆಸಿಕೊಂಡಿರಿ ಎಂದು ಒಬ್ಬಳ ಕಡೆಗೇ ನೋಡಿ ಹೇಳಿದರು. ಬೈರಣ್ಣ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಖುಷಿಯಾಗಬೇಕಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಕರೇಕಲ್ ಗೇಟಿನಲ್ಲಿ ಶಾಮಿಯಾನ ಬಂತು, ಕುರ್ಚಿಗಳು ಬಂದವು, ಸ್ಥಳೀಯ ಪತ್ರಿಕೆಯ ವರದಿಗಾರರು ಬಂದರು. ದಾಟುವ ಜನರ ಸಲುವಾಗಿ ಒಂದು ದಿನವೂ ನಿಲ್ಲದ ಹೆದ್ದಾರಿಯ ಗಾಡಿಗಳನ್ನು ಕುಂಬಳಕಾಯಿಯ ಸಲುವಾಗಿ ಬ್ಯಾರಿಕೇಡ್ ಹಾಕಿ ನಿಲ್ಲಿಸಿದರು. ದೊಡ್ಡ ಸಾಹೇಬರು ಬಂದು ಕೈ ಕುಲುಕಿದರು. ಹುಡುಗಿಯರ ಬ್ಯಾಚು ಖಾಕಿಯಲ್ಲಿ ಸಾಲಾಗಿ ನಿಂತಿತು. ಊರಿನವರು ಡಿವೈಡರಿನ ಆಚೆ ಬದಿಯಲ್ಲಿ ಗುಂಪುಗೂಡಿದ್ದರು. ದ್ಯಾವಮ್ಮನೂ ಇದ್ದಳು, ಅವಳ ಪಕ್ಕದಲ್ಲಿ ಡಿವೈಡರಿಗೆ ಒರಗಿ ನರೇಶ ನಿಂತಿದ್ದ.

ನವೀನ್‌ಕುಮಾರ್ ಹಿಂದಿನ ಕಥೆಯನ್ನು ಬೈರಣ್ಣನಿಗಿಂತ ಚೆನ್ನಾಗಿ ಹೇಳಿದರು. ಕೇಳುತ್ತಾ ಕೇಳುತ್ತಾ ಬೈರಣ್ಣನಿಗೆ ಹೇಸಿಗೆಯಾಯಿತು. ಇದನ್ನೇ ತಾನು ಇಷ್ಟು ದಿನ ಹೇಳಿದ್ದು, ಇದೇ ದನಿಯಲ್ಲಿ, ಇದೇ ಕಡೆ ನಿಲ್ಲಿಸಿ. ಚಪ್ಪಾಳೆಯ ಜಾಗ ಬಂತು. ಸಾಲಿನಲ್ಲಿ ನಿಂತ ಹುಡುಗಿಯರಲ್ಲಿ ಒಬ್ಬಳೂ ಕೈ ಎತ್ತಲಿಲ್ಲ. ದೊಡ್ಡ ಸಾಹೇಬರು ಒಬ್ಬರೇ ಎರಡು ಸಲ ತಟ್ಟಿ, ಜೊತೆಗೆ ಯಾರೂ ಇಲ್ಲದ್ದು ನೋಡಿ ನಿಲ್ಲಿಸಿದರು. ಪೂಜಾರಿ ಕರ್ಪೂರ ಹಚ್ಚಿದ. ಬೈರಣ್ಣ ಕುಂಬಳಕಾಯಿಯನ್ನು ತಲೆಯ ಮೇಲೆತ್ತಿದ. ಬೇಡ ಎಂದು ಅವನಿಗೆ ಅನ್ನಿಸಿತ್ತು. ಆದರೆ ಆರ್ಡರ್ ಬಂದ ಕೂಡಲೇ ಕೈ ಏಳುವುದು ಅವನಿಗೆ ಎಷ್ಟೋ ವರ್ಷದ ಅಭ್ಯಾಸ. ಎತ್ತಿದ್ದನ್ನು ಡಾಂಬರಿಗೆ ಅಪ್ಪಳಿಸಿದ. ತಿರುಳು, ಬೀಜ, ಕುಂಕುಮದ ನೀರು ರಸ್ತೆಯಗಲಕ್ಕೂ ಚೆಲ್ಲಾಪಿಲ್ಲಿಯಾಯಿತು.

ಆಗ ಗಾನವಿ ಸಾಲು ಬಿಟ್ಟು ಬಂದಳು. ಬಾಯಿ ಬಿಡಬೇಡಿ ಎಂದಿದ್ದರು, ಬಿಡಲಿಲ್ಲ. ಬಗ್ಗಿ, ತಿರುಳಿನ ಒಂದು ದೊಡ್ಡ ಹೋಳನ್ನು ಬರಿಗೈಯಲ್ಲಿ ಎತ್ತಿ ರಸ್ತೆಯಾಚೆಯ ಮಣ್ಣಿಗೆ ಹಾಕಿ, ಮತ್ತೆ ಬಗ್ಗಿದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಆಮೇಲೆ ಇಡೀ ಬ್ಯಾಚೇ ಬಂತು. ಇಸ್ತ್ರಿ ಮಾಡಿದ ಖಾಕಿಯಲ್ಲಿ ಮಂಡಿಯೂರಿ ಹೋಳು, ಬೀಜ ಬಾಚಿದರು, ಅಂಟನ್ನು ಮಣ್ಣು ಹಾಕಿ ಉಜ್ಜಿದರು. ಆ ಹುಡುಗಿಯರ ಬಗ್ಗೆ ಇದ್ದ ತಾತ್ಸಾರವೆಲ್ಲ ಆ ಹೊತ್ತಿಗೆ ಬೈರಣ್ಣನಿಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ತಾನು ಓದಲು ಬಾರದೆ ದಾಟಿಸಿಬಿಟ್ಟಿದ್ದ ಪಾಠವನ್ನು ಅವರು ರಸ್ತೆಯ ಮೇಲೆ ಮಾಡುತ್ತಿದ್ದರು. ಅವನಿಗೆ ನಾಚಿಕೆಯಾಯಿತು.

ನವೀನ್‌ಕುಮಾರರ ಮುಖ ಬಿಳುಚಿತು. ಆದರೆ ದೊಡ್ಡ ಸಾಹೇಬರ ಮುಖ ಅರಳಿತು. ಸ್ವಚ್ಛತೆ, ವೆರಿ ಗುಡ್, ಪೂಜೆಯ ನಂತರ ಸ್ವಚ್ಛತೆ, ಇದನ್ನೂ ಮಾದರಿಗೆ ಸೇರಿಸಿ ಎಂದರು. ನವೀನ್‌ಕುಮಾರರಿಗೆ ಹೋದ ಜೀವ ಬಂತು. ಹೌದು ಸಾರ್, ಬೈರಣ್ಣನವರೇ ಹೇಳಿಕೊಟ್ಟಿದ್ದು ಎಂದರು. ವರದಿಗಾರರು ಬೈರಣ್ಣನ ಕಡೆ ಕ್ಯಾಮೆರಾ ತಿರುಗಿಸಿದರು. ಸುಮ್ಮನೆ ನಿಂತು ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು, ಎರಡನೆಯ ಪದಕ ಕೈಗೆ ಬರುತ್ತಿತ್ತು. ಆಚೆ ಬದಿಯಿಂದ ದ್ಯಾವಮ್ಮ ನೋಡುತ್ತಿದ್ದಳು.

"ಸ್ವಚ್ಛತೆ ಅಲ್ಲ ಸಾರ್," ಎಂದ ಬೈರಣ್ಣ. "ಜಾರ್ತದೆ. ಗಾಡೀಲಿ ಬರೋರು ಬೀಳ್ತಾರೆ. ಹೋದ್ಸಲ ನಾನು ಒಡೆದಾಗ ಒಬ್ಬ ಬಿದ್ದ. ಅಗೋ, ಅಲ್ಲಿ ನಿಂತವ್ನೆ."

ಸಾಹೇಬರು ನರೇಶನನ್ನು ನೋಡಿದರು, ನವೀನ್‌ಕುಮಾರರನ್ನು ನೋಡಿದರು. ಆದರೆ ಸಾವು ಕಡಿಮೆಯಾಯಿತಲ್ಲ, ಅದಕ್ಕೆ ಪುರಾವೆ ಇದೆಯಲ್ಲ ಎಂದು ಕೇಳಿದರು.

"ಒಡೀದೆ ಇರೋ ಗೇಟ್‌ಗಳಲ್ಲೂ ಅಷ್ಟೇ ಕಡಿಮೆ ಆಗಿದೆ ಸಾರ್. ನಾನು ನೋಡಿರ್ಲಿಲ್ಲ. ಆ ಹುಡ್ಗಿ ಗಾನವಿ ನೋಡಿದಾಳೆ, ಅವಳನ್ನ ಕೇಳಿ. ನನ್ನ ಕುಂಬಳಕಾಯಿಂದ ಏನೂ ಆಗಿಲ್ಲ. ಇವ್ರು ಸ್ಕೈವಾಕ್ ಕೇಳಿದಾಗೆಲ್ಲ ನನ್ನ ಹೆಸ್ರು ತೋರಿಸಿ ಕಳ್ಸಿದಾರೆ, ಅಷ್ಟೇ ಆಗಿದ್ದು."

ಸಾಲಾಗಿ ನಿಂತ ಲಾರಿಗಳು ಹಾರ್ನ್ ಹೊಡೆಯತೊಡಗಿದ್ದವು. ವರದಿಗಾರರು ಬರೆದುಕೊಳ್ಳುತ್ತಿದ್ದರು. ನವೀನ್‌ಕುಮಾರ್ ಏನೋ ಹೇಳಲು ಹೋದರು, ಸಾಹೇಬರು ಕೈಯೆತ್ತಿ ತಡೆದರು. ಅವರಿಗೆ ಕೋಪ ಬಂದಿತ್ತು. ಕ್ಯಾಮೆರಾ ಇದ್ದುದರಿಂದ ಅದನ್ನು ಪ್ರಶ್ನೆಯಾಗಿ ಕೇಳಿದರು.

"ಏನೂ ಆಗಲ್ಲ ಅಂದ್ರೆ, ಮತ್ತೆ ಯಾಕ್ರೀ ಒಡೆಯೋದು ಇದನ್ನ?"

ಬೈರಣ್ಣ ಮಂಡಿ ಹಿಡಿದುಕೊಂಡು ನಿಧಾನ ಬಗ್ಗಿ, ಸಾಹೇಬರ ಬೂಟಿನ ಹತ್ತಿರ ಬಿದ್ದಿದ್ದ ಹೋಳೊಂದನ್ನು ಎತ್ತಿಕೊಂಡ.

"ಬೇರೇನೂ ಮಾಡೋದು ಬೇಡ ಅಂತ ಸಾರ್," ಎಂದ.